ಹತ್ತು ಹುಳದ ಪರೀಕ್ಷೆ

ನನ್ನ ಮಗಳು ಶ್ರೀವಾಣಿಯ ತಲೆ ತುಂಬ ಹೇನು ಎಂದು ಶುಕ್ರವಾರ ಸಂಜೆ ಶಾಲೆಯ ಟೀಚರು ಫೋನು ಮಾಡಿ ಹೇಳಿದಾಗ ನನಗೆ ಸಿಟ್ಟು ಬಂದದ್ದು ಟೀಚರ ಮೇಲೆ. ಮೂರನೇ ಕ್ಲಾಸಿನಲ್ಲಿ ಇಪ್ಪತ್ತೆರಡು ಮಕ್ಕಳು ತಲೆಗೆ ತಲೆ ತಾಗಿಸಿಕೊಂಡು ಕೂರುತ್ತವೆ. ಹೇನು ಯಾರ ಮನೆಯಿಂದ ಹೊರಟಿತೋ ಯಾರು ಕಂಡರು? ಆದರೆ ಅವರು ನಮ್ಮ ಮನೆಗೇ ಗುರಿಯಿಟ್ಟು ಮಾತಾಡಿದರು. ಮಂಗಳವಾರದೊಳಗೆ ತಲೆ ಶುದ್ಧ ಮಾಡಿ ಕಳಿಸಿ, ಇಲ್ಲದಿದ್ದರೆ ಮಗುವನ್ನು ಬೇರೆ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಬೇಕಾಗುತ್ತದೆ ಎಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ಕೋಪದಿಂದಲೇ ಮುಂದಿನದೆಲ್ಲ ಆಯಿತು ಎಂದು ಹೇಳಿಬಿಟ್ಟರೆ ನನಗೆ ಸುಲಭ. ನಿಜ ಹೇಳಬೇಕೆಂದರೆ ಅದೆಲ್ಲ ಆದದ್ದು ನಾನು ಬುದ್ಧಿವಂತೆ ಎಂಬ ನನ್ನ ನಂಬಿಕೆಯಿಂದ.

ನಮ್ಮದು ವಕ್ಕಲೇರಿಯಿಂದ ಎರಡು ಮೈಲಿ ಒಳಗಿರುವ ಸಣ್ಣ ಊರು. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಎರಡು ಸೀಮೆಹಸು, ವರ್ಷಕ್ಕೆ ಆರೇಳು ಬೆಳೆ ರೇಷ್ಮೆ. ಮನೆಯಲ್ಲಿ ನಾನು, ನನ್ನ ಗಂಡ ವೇಣುಗೋಪಾಲ್, ಎಂಟು ವರ್ಷದ ಶ್ರೀವಾಣಿ, ಅತ್ತೆ ದೊಡ್ಡಮುನಿಯಮ್ಮ. ಇರುವವರು ನಾಲ್ಕೇ ಜನ, ಯಜಮಾನಿಕೆ ಮಾತ್ರ ಹುಳಗಳದ್ದು. ನಡುಮನೆಗೆ ಅಂಟಿಕೊಂಡೇ ಹುಳದ ಮನೆ ಇದೆ, ನಡುವೆ ಒಂದು ಬಾಗಿಲು. ಹುಳ ಇರುವಷ್ಟು ದಿನ ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿ ಉರಿಸುವಂತಿಲ್ಲ, ಪೌಡರು ಹಾಕಿಕೊಂಡವರು ಹೊಸಿಲು ದಾಟುವಂತಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ತಮ್ಮ ಟೇಕಲ್ಲಿನಿಂದ ಸೆಂಟು ಹಾಕಿಕೊಂಡು ಬಂದಿದ್ದ. ಅತ್ತೆ ಅವನಿಗೆ ಬೀದಿಯಲ್ಲೇ ಕುರ್ಚಿ ಹಾಕಿಸಿ ಊಟಕ್ಕಿಟ್ಟರು. ನಾನು ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆಮೇಲಾಮೇಲೆ ಅವರಿಗಿಂತ ನಾನೇ ಕಟ್ಟುನಿಟ್ಟಾದೆ.

ಆ ಶುಕ್ರವಾರ ಹುಳ ನಾಲ್ಕನೇ ಜ್ವರ ಎದ್ದು ಎರಡನೇ ದಿನ. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಅವುಗಳ ಹಸಿವಿಗೆ ಕೊನೆಯಿಲ್ಲ. ಎಷ್ಟು ಸೊಪ್ಪು ತಂದು ಹರಡಿದರೂ ಗಳಿಗೆಯಲ್ಲಿ ಬರೀ ಕಡ್ಡಿ ಉಳಿಯುತ್ತದೆ. ಅವು ತಿನ್ನುವ ಸರಸರ ಸದ್ದು ನಡುಮನೆಗೂ ಕೇಳಿಸುತ್ತದೆ. ಇನ್ನು ಐದು ದಿನ ಕಳೆದರೆ ಹುಳ ಹಣ್ಣಾಗಿ, ಬಿದಿರು ಹೆಣೆದ ಚಂದ್ರಿಕೆ ಹತ್ತಿ ಗೂಡು ಕಟ್ಟುತ್ತದೆ. ಆ ಐದು ದಿನ ಮನೆಯಲ್ಲಿ ಯಾರೂ ಕಾಯಿಲೆ ಬೀಳಬಾರದು ಎಂದು ನಮ್ಮ ಯಜಮಾನರು ಪ್ರತಿ ಬೆಳೆಗೂ ತಮಾಷೆ ಮಾಡುತ್ತಿದ್ದರು.

ಶನಿವಾರ ಬೆಳಿಗ್ಗೆ ವಕ್ಕಲೇರಿಯ ಮೆಡಿಕಲ್ ಸ್ಟೋರಿಗೆ ಹೋದೆ. ಅಂಗಡಿಯ ನಂದೀಶ್ ತಾಳ್ಮೆಯ ಮನುಷ್ಯ. ಹೇನಿನ ಲೋಷನ್ ಬಾಟಲಿ ತೆಗೆದು ಮುಂದಿಟ್ಟು, ಹಚ್ಚುವುದು ಹೇಗೆ, ಹತ್ತು ನಿಮಿಷ ಬಿಟ್ಟು ತೊಳೆಯುವುದು ಹೇಗೆ, ವಾರ ಬಿಟ್ಟು ಇನ್ನೊಮ್ಮೆ ಹಚ್ಚುವುದು ಯಾಕೆ ಎಂದು ಹೇಳಿದ. ಈ ವಯಸ್ಸಿನ ಮಕ್ಕಳಿಗೆ ಅದರಿಂದ ತೊಂದರೆ ಇಲ್ಲ ಎಂದ. ಹುಳಕ್ಕೆ ಎಂದು ಕೇಳಿದೆ. ಅವನು ಬಾಟಲಿ ವಾಪಸು ಎಳೆದುಕೊಂಡ. ಇದು ಕೂದಲಲ್ಲಿ ವಾರಗಟ್ಟಲೆ ಉಳಿಯುತ್ತದೆ, ಹಚ್ಚಿದ ಮಗು ಹುಳದ ಮನೆ ಪಕ್ಕದಲ್ಲಿ ಮಲಗಿದರೆ ನಿಮ್ಮ ಬೆಳೆ ಹೋದ ಹಾಗೇ ಎಂದ. ಆಮೇಲೆ ಒತ್ತು ಹಲ್ಲಿನ ಒಂದು ಹೇನಿನ ಬಾಚಣಿಗೆ ಕೊಟ್ಟು, ಐದು ದಿನ ಒದ್ದೆ ಕೂದಲಲ್ಲಿ ಬಾಚಿ ಹೇನು ತೆಗೀರಿ, ಹುಳ ಚಂದ್ರಿಕೆಗೆ ಹೋದ ಮೇಲೆ ಬಂದು ಲೋಷನ್ ತಗೊಂಡು ಹೋಗಿ ಎಂದ. ಅವನ ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

ಮಧ್ಯಾಹ್ನ ಜಗಲಿಯಲ್ಲಿ ಕೂತು ಬಾಚಿದೆ. ಒಂದೂವರೆ ಗಂಟೆ ಬಾಚಿ ಎಪ್ಪತ್ತು ಹೇನು ತೆಗೆದೆ. ಕಿವಿಯ ಹಿಂದೆ ಸೀರು ಉಪ್ಪು ಉದುರಿಸಿದ ಹಾಗೆ ಅಂಟಿಕೊಂಡಿತ್ತು. ಅಷ್ಟರಲ್ಲಿ ಸೊಪ್ಪಿನ ಹೊತ್ತಾಯಿತು. ಹುಳಕ್ಕೆ ಸೊಪ್ಪು, ಹಸುವಿಗೆ ಮೇವು, ಒಲೆ ಮೇಲೆ ಎಸರು, ಇವುಗಳ ನಡುವೆ ದಿನಾ ಒಂದೂವರೆ ಗಂಟೆ ಎಲ್ಲಿಂದ ತರಲಿ? ಬೋಳಿಸಿಬಿಡು ಎಂದರು ಅತ್ತೆ. ಶ್ರೀವಾಣಿ ಎರಡು ಕೈಯಲ್ಲೂ ಜಡೆ ಹಿಡಿದುಕೊಂಡು ಹಸುವಿನ ಕೊಟ್ಟಿಗೆಗೆ ಓಡಿಹೋದಳು. ಅತ್ತೆ ನನ್ನ ಹತ್ತಿರ ಬಂದು, ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿ ಹೇಳಿದರು.

"ಕೈಯಾಗೆ ಹೆಕ್ಕು, ಇಲ್ಲಾಂದ್ರೆ ಬೋಳ್ಸು. ತಲೆಗೆ ಮಾತ್ರ ಏನೂ ಹಚ್‌ಬೇಡ ಕಣೇ ಸುನಂದ."

ಯಾಕೆ ಎಂದು ನಾನು ಕೇಳಲಿಲ್ಲ. ಅತ್ತೆಯ ಮಾತಿಗೆ ಕಾರಣ ಕೇಳುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಶುಕ್ರವಾರ ಉಗುರು ಕತ್ತರಿಸಬೇಡ, ಸಂಜೆ ಕಸ ಗುಡಿಸಬೇಡ, ಇದೂ ಅಂಥದೇ ಒಂದು ಎಂದುಕೊಂಡೆ.

ಭಾನುವಾರ ಅತ್ತೆ, ಯಜಮಾನರು ಇಬ್ಬರೂ ತೋಟಕ್ಕೆ ಹೋಗಿದ್ದಾಗ ನನ್ನ ಬುದ್ಧಿ ಓಡಿತು. ಮನೆ ಹಿಂದಿನ ಚಪ್ಪರದಲ್ಲಿ ತೋಟಕ್ಕೆ ಹೊಡೆಯುವ ಔಷಧಿಯ ಬಾಟಲಿ ಇತ್ತು. ಎಲೆ ಸುರುಟುವ ಹುಳಕ್ಕೆ ಅದನ್ನು ಹೊಡೆದು, ಹದಿನೈದು ದಿನ ಬಿಟ್ಟು ಸೊಪ್ಪು ಕೊಯ್ದರೆ ರೇಷ್ಮೆ ಹುಳ ತಿಂದು ಆರಾಮಾಗಿರುತ್ತದೆ. ಅಂದರೆ ಇದು ಬಿಸಿಲಿಗೆ ಗಾಳಿಗೆ ಹಾರಿಹೋಗುವ ಔಷಧಿ, ನಂದೀಶನ ಲೋಷನ್ನಿನ ಹಾಗೆ ಅಂಟಿಕೊಂಡು ಕೂರುವುದಲ್ಲ. ಎಣ್ಣೆಯಲ್ಲಿ ಬೆರೆಸಿ ಹಚ್ಚಿ ತೊಳೆದರೆ ಬೆಳಗಾಗುವುದರಲ್ಲಿ ಏನೂ ಉಳಿದಿರುವುದಿಲ್ಲ. ಇನ್ನೂ ಒಂದು ವಾದವಿತ್ತು ನನ್ನ ಹತ್ತಿರ. ರೇಷ್ಮೆ ಹುಳಕ್ಕಿಂತ ನಾಜೂಕಿನ ಜೀವ ಯಾವುದಿದೆ? ಅದಕ್ಕೇ ಒಗ್ಗಿದ ಔಷಧಿ ಗುಂಡುಕಲ್ಲಿನಂಥ ಹುಡುಗಿಗೆ ಒಗ್ಗುವುದಿಲ್ಲವೆ? ಪಿಯುಸಿ ಪಾಸಾದವಳು ನಾನು. ಬಾಟಲಿಯ ಮೇಲೆ ಕೆಂಪು ಗುರುತಿತ್ತು, ತಲೆಬುರುಡೆಯ ಚಿತ್ರವಿತ್ತು. ಅದನ್ನು ನೋಡಿಯೂ ನಾನು ಹುಳದ ಬಗ್ಗೆಯೇ ಯೋಚಿಸಿದೆ.

ಹಚ್ಚಿ, ಹಳೇ ಪಂಚೆ ಹರಿದು ತಲೆಗೆ ಕಟ್ಟಿ, ಅರ್ಧ ಗಂಟೆ ಹಿತ್ತಲಲ್ಲಿ ಕೂರಿಸಿದೆ. ಉರಿಯುತ್ತೆ ಎಂದಳು. ಹೇನು ಸಾಯುವಾಗ ಉರಿಯದೆ ಇರುತ್ತಾ ಎಂದು ಗದರಿದೆ. ಆಮೇಲೆ ಸೀಗೆಪುಡಿ ಹಾಕಿ ತೊಳೆದೆ. ನನ್ನ ಕೈಗಳನ್ನು ಸೋಪು ಹಾಕಿ, ಬೂದಿ ಹಾಕಿ, ಮತ್ತೆ ಸೋಪು ಹಾಕಿ ನಾಲ್ಕು ಸಲ ತೊಳೆದುಕೊಂಡೆ, ಯಾಕೆಂದರೆ ಆ ಕೈಯಿಂದ ಹುಳಕ್ಕೆ ಸೊಪ್ಪು ಹಾಕಬೇಕಿತ್ತು. ಮಗುವಿನ ತಲೆ ತೊಳೆದದ್ದು ಒಂದೇ ಸಲ.

ಸೋಮವಾರ ಬೆಳಿಗ್ಗೆ ಅವಳ ದಿಂಬಿನ ಮೇಲೆ ಹೇನು ಉದುರಿದ್ದವು. ಬಿಳಿ ದಿಂಬಿನ ಮೇಲೆ ಎಳ್ಳು ಚೆಲ್ಲಿದಂತೆ. ಹೆಚ್ಚಿನವು ಸತ್ತಿದ್ದವು, ಕೆಲವು ದಿಂಬು ದಾಟಿ ಹಾಸಿಗೆಯ ಅಂಚಿನತ್ತ ನಿಧಾನವಾಗಿ ಹೋಗುತ್ತಿದ್ದವು. ಎಲ್ಲವೂ ಒಂದೇ ದಿಕ್ಕಿಗೆ, ಅವಳಿಂದ ದೂರಕ್ಕೆ. ನೋಡಿ ನನಗೆ ಹೆಮ್ಮೆಯಾಯಿತು. ಟೀಚರಿಗೆ ಫೋನು ಮಾಡಿ ಹೇಳಬೇಕಾದ ಮಾತನ್ನೂ ಜೋಡಿಸಿಕೊಂಡೆ.

ಅವಳು ಹುಳದ ಮನೆಗೆ ಹೋಗಬಹುದೋ ಇಲ್ಲವೋ ಎನ್ನುವುದೊಂದೇ ಈಗ ಉಳಿದ ಪ್ರಶ್ನೆ. ಅದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಔಷಧಿ ಹೊಡೆದ ತೋಟದ ಸೊಪ್ಪು ಕೊಡುವ ಮುಂಚೆ ಹತ್ತು ಹುಳ ಬೇರೆ ತಟ್ಟೆಗೆ ತೆಗೆದು ಅವಕ್ಕೆ ಮೊದಲು ಹಾಕಿ ನೋಡುತ್ತೇವೆ. ಹುಳ ನೆಟ್ಟಗಿದ್ದರೆ ಸೊಪ್ಪು ಒಳ್ಳೆಯದು. ಶ್ರೀವಾಣಿ ಇನ್ನೂ ನಿದ್ದೆಯಲ್ಲಿದ್ದಳು. ಅವಳ ಜಡೆಯ ತುದಿ ನಾಲ್ಕು ಬೆರಳಿನಷ್ಟು ಕತ್ತರಿಸಿ ತಟ್ಟೆಯಲ್ಲಿಟ್ಟು, ಮೇಲೆರಡು ಎಲೆ ಹಾಕಿ, ಹತ್ತು ಹುಳ ಬಿಟ್ಟು ಒಲೆ ಹತ್ತಿಸಲು ಹೋದೆ.

ಕಾಫಿ ಕುಡಿದು ಬಂದು ನೋಡಿದಾಗ ಹತ್ತೂ ಹುಳ ತಲೆಯೆತ್ತಿ ನಿಂತಿದ್ದವು. ತಲೆಯನ್ನು ಆ ಕಡೆಗೂ ಈ ಕಡೆಗೂ ತೂಗುತ್ತಿದ್ದವು, ಎಲ್ಲವೂ ಒಟ್ಟಿಗೆ, ಯಾರೋ ಮೇಲಿನಿಂದ ಕರೆದ ಹಾಗೆ. ಬಾಯಿಂದ ಹಸಿರು ನೀರು ಇಳಿಯುತ್ತಿತ್ತು. ಎಲೆಯನ್ನು ಯಾವುದೂ ಮುಟ್ಟಿರಲಿಲ್ಲ. ನಾನು ನೋಡುತ್ತಿದ್ದ ಹಾಗೇ ಒಂದೊಂದಾಗಿ ಮುದುಡಿ ಗಿಡ್ಡವಾದವು. ಪಕ್ಕದ ಕೋಣೆಯಲ್ಲಿ ಸಾವಿರಾರು ಹುಳ ಸೊಪ್ಪು ತಿನ್ನುವ ಸದ್ದು ಎಂದಿನಂತೆ ಬರುತ್ತಿತ್ತು.

ಆ ಕೂದಲು ಬೆಳೆದ ತಲೆಯೊಂದು ನನ್ನ ಕಣ್ಣೆದುರಿಗೇ ಮಲಗಿತ್ತು. ಆದರೂ ಆ ತಟ್ಟೆ ನೋಡಿ ನನಗೆ ಹೊಳೆದದ್ದು ಇಷ್ಟೇ: ಮಗುವನ್ನು ಹುಳದಿಂದ ದೂರ ಇಡಬೇಕು. ತಟ್ಟೆಯನ್ನು ತಿಪ್ಪೆಗೆ ಸುರಿದು, ಅವಳನ್ನು ಎಬ್ಬಿಸಿ, ಹಾಸಿಗೆಯನ್ನು ಜಗಲಿಗೆ ಹಾಕಿ, ಒಳಗೆ ಬಂದರೆ ಕಾಲು ಮುರಿಯುತ್ತೇನೆ ಎಂದು ಹೇಳಿದೆ. ಅವಳು ಮರುಮಾತಾಡದೆ ಹೋಗಿ ಮಲಗಿದಳು. ಯಾವತ್ತೂ ಹಾಗೆ ಹೇಳಿದ ಮಾತು ಕೇಳಿದವಳಲ್ಲ. ನನಗೆ ಅದೂ ಒಳ್ಳೆಯದಾಗಿಯೇ ಕಂಡಿತು. ಯಜಮಾನರು ಬಾಡಿಗೆ ಚಂದ್ರಿಕೆ ತರಲು ಮಾಲೂರಿನ ಕಡೆ ಹೊರಟುಹೋದರು.

ದಿಂಬಿನ ಹೊದಿಕೆ ಒಗೆಯಲು ಹಾಕಿದ್ದನ್ನು ಅತ್ತೆ ನೋಡಿದರು. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ತವರು ಮುಳಬಾಗಿಲಿನ ಆಚೆಯ ಗಡಿಯ ಊರು, ಹೆದರಿದಾಗ ಬಾಯಲ್ಲಿ ತೆಲುಗು ಬರುತ್ತದೆ.

"ಪೇಲು ದಿಗಿನಾಯಿ," ಎಂದರು. ಹೇನು ಇಳಿದವು ಎಂದು.

ಇಳಿದರೆ ಒಳ್ಳೆಯದೇ ಅಲ್ಲವೆ ಎಂದೆ. ಅವರು ಜಗಲಿಗೆ ಹೋಗಿ ಮಗುವಿನ ತಲೆಯ ಹತ್ತಿರ ಕುಳಿತರು. ತನ್ನ ಮೊದಲ ಮಗಳು ಮುನಿರತ್ನಳ ಹೇನೂ ಹೀಗೇ ಇಳಿದಿದ್ದವು ಎಂದರು. ಸಾಯುವವರ ತಲೆಯಲ್ಲಿ ಹೇನು ನಿಲ್ಲುವುದಿಲ್ಲ, ನಮಗಿಂತ ಮೊದಲು ಅವಕ್ಕೆ ತಿಳಿಯುತ್ತದೆ ಎಂದರು. ಮುನಿರತ್ನಳ ಹೆಸರನ್ನು ನಾನು ಆ ಮನೆಯಲ್ಲಿ ಎರಡೋ ಮೂರೋ ಸಲ ಕೇಳಿದ್ದೆ. ಏಳು ವರ್ಷಕ್ಕೆ ತೀರಿಕೊಂಡವಳು, ಆಗ ನಮ್ಮ ಯಜಮಾನರು ಎರಡು ವರ್ಷದ ಕೂಸು. ಗಂಗಮ್ಮನಿಗೆ ಹೊತ್ತ ಹರಕೆ ತೀರಿಸದೆ ಹೋದದ್ದಕ್ಕೆ ದೇವಿ ಕರೆದುಕೊಂಡಳು ಎಂಬುದು ಮನೆಯವರೆಲ್ಲ ಒಪ್ಪಿಕೊಂಡ ಮಾತಾಗಿತ್ತು.

ಮಗುವಿನ ಎದುರಿಗೆ ಇಂಥ ಮಾತು ಆಡಬೇಡಿ ಎಂದು ನಾನು ಜೋರು ಮಾಡಿದೆ. ಅತ್ತೆ ಜೋರಿಗೆ ಜೋರು ಮಾಡಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಇವಳು ಕತ್ತಲಾಯಿತು ಅನ್ನುತ್ತಾಳೆ, ದೀಪ ಹಚ್ಚು ಅನ್ನುತ್ತಾಳೆ ಎಂದರು. ಅಡುಗೆಯ ವಿಷಯ ಹೇಳಿದಷ್ಟು ಸಹಜವಾಗಿ ಹೇಳಿದರು. ಬೆಳಗಿನ ಹತ್ತು ಗಂಟೆ. ಜಗಲಿಯ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನನಗೆ ರೇಗಿ ಒಳಗೆ ಹೋಗಿ ಸೊಪ್ಪು ಹರಡತೊಡಗಿದೆ.

ಎರಡನೇ ಸಾಲು ಮುಗಿಸುವಾಗ ಶ್ರೀವಾಣಿಯ ದನಿ ಕೇಳಿತು.

"ಅಮ್ಮ, ಯಾಕೆ ಕತ್ಲೆ ಮಾಡ್‌ಬಿಟ್ಟೆ? ಲೈಟ್ ಹಾಕು."

ನನ್ನ ಕೈಯ ಸೊಪ್ಪು ಕೆಳಗೆ ಬಿತ್ತು. ಹೊರಗೆ ಬಂದೆ. ಅವಳು ಬಿಸಿಲಿನಲ್ಲೇ ಮಲಗಿದ್ದಳು, ಕಣ್ಣು ತೆರೆದೇ ಇತ್ತು. ಕಣ್ಣಿನ ಕಪ್ಪು ಬೊಟ್ಟು ಸಾಸಿವೆ ಕಾಳಿಗಿಂತ ಚಿಕ್ಕದಾಗಿತ್ತು. ನಾನು ಹಣೆ ಮುಟ್ಟಿ ನೋಡಿದೆ, ಜ್ವರವಿರಲಿಲ್ಲ, ತಣ್ಣನೆಯ ಬೆವರು. ನಿದ್ದೆಗಣ್ಣು ಎಂದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ.

ಅತ್ತೆ ತಮ್ಮ ಸೆರಗಿನಿಂದ ಅವಳ ಬಾಯಿ ಒರೆಸಿದರು. ಇನ್ನು ನೀರು ಇಳಿಯುತ್ತದೆ ಎಂದರು, ಕಣ್ಣಿಂದ, ಮೂಗಿಂದ, ಬಾಯಿಂದ, ತಡೆಯುವುದಕ್ಕೆ ಆಗುವುದಿಲ್ಲ. ಅವರು ಹೇಳಿ ಮುಗಿಸುವ ಮೊದಲೇ ಅದು ಶುರುವಾಗಿತ್ತು. ಜೊಲ್ಲು ದಿಂಬು ನೆನೆಸಿ ಚಾಪೆಗೆ ಇಳಿಯಿತು. ಹೊಟ್ಟೆ ನೋವು ಎಂದು ಶ್ರೀವಾಣಿ ಮೊಣಕಾಲು ಎದೆಗೆ ಎಳೆದುಕೊಂಡಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಹಸುಗಳು ಮೇಯುವುದು ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದವು ಎಂದು ನನಗೆ ಅನ್ನಿಸಿತು. ಹೆದರಿದವಳಿಗೆ ಹಸು ನೋಡಿದರೂ ಶಕುನ.

ನಾನು ಒಪ್ಪಿಕೊಳ್ಳುತ್ತೇನೆ, ಆ ಗಳಿಗೆಯಲ್ಲಿ ನಾನೂ ನಂಬಿದೆ. ಗಂಗಮ್ಮ ನಮ್ಮ ಜಗಲಿಗೆ ಬಂದು ಕೂತಿದ್ದಾಳೆ, ಮೂವತ್ತಾರು ವರ್ಷದ ಹಿಂದೆ ಒಬ್ಬಳನ್ನು ಕರೆದುಕೊಂಡು ಹೋದದ್ದು ಸಾಲದೆ ಇನ್ನೊಬ್ಬಳಿಗೆ ಬಂದಿದ್ದಾಳೆ ಎಂದು ನಂಬಿದೆ. ನಂಬುವುದು ಎಷ್ಟು ಹಗುರವಾಗಿತ್ತೆಂದರೆ ಮೈಯೆಲ್ಲ ಸಡಿಲವಾಯಿತು. ದೇವಿ ಬಂದಿದ್ದರೆ ನಾನು ಏನೂ ಮಾಡಿದ ಹಾಗಾಗುವುದಿಲ್ಲ. ಹಿಂದಿನ ಚಪ್ಪರದಲ್ಲಿರುವ ಬಾಟಲಿಯ ವಿಷಯ ಯಾರಿಗೂ ಹೇಳಬೇಕಾಗುವುದಿಲ್ಲ.

"ಇನ್ನು ಕೆನ್ನೆ ನೋಡು," ಎಂದರು ಅತ್ತೆ. "ಚರ್ಮದ ಅಡೀಗೆ ಹುಳ ಹರ್ದಂಗೆ ಹರೀತದೆ."

ನೋಡಿದೆ. ನನ್ನ ಮಗಳ ಕೆನ್ನೆಯ ಒಳಗೆ, ಚರ್ಮಕ್ಕೆ ಸ್ವಲ್ಪ ಕೆಳಗೆ, ಸಣ್ಣದೇನೋ ಮಿಡುಕಿತು. ನಿಂತಿತು. ಮತ್ತೆ ರೆಪ್ಪೆಯ ಕೆಳಗೆ ಮಿಡುಕಿತು. ತೋಳಿನಲ್ಲಿ, ಕತ್ತಿನಲ್ಲಿ, ಒಂದು ಕಡೆ ನಿಂತರೆ ಇನ್ನೊಂದು ಕಡೆ. ಅವಳು ಅಲುಗಾಡದೆ ಮಲಗಿದ್ದಳು, ಅವಳ ಮೈ ಮಾತ್ರ ಅವಳನ್ನು ಕೇಳದೆ ಅಲುಗುತ್ತಿತ್ತು.

ಬೆಳಿಗ್ಗೆ ತಟ್ಟೆಯಲ್ಲಿ ಹತ್ತು ಹುಳ ಇದನ್ನೇ ಮಾಡಿದ್ದವು. ಬಾಯಿಂದ ನೀರು, ಮೈಯಲ್ಲಿ ಸೆಳೆತ, ಆಮೇಲೆ ಮುದುಡಿಕೊಂಡದ್ದು. ನಾನು ಅವಕ್ಕೆ ಹಾಕಿದ್ದು ಇವಳ ಕೂದಲು. ಅವಕ್ಕೆ ಯಾವ ಹರಕೆಯೂ ಬಾಕಿ ಇರಲಿಲ್ಲ. ಹಾಗಾದರೆ ಮುನಿರತ್ನಳಿಗೂ ಇದೆಲ್ಲ ಹೀಗೇ, ಇದೇ ಸರದಿಯಲ್ಲಿ ಆಗಿದ್ದರೆ? ನಾನು ಅತ್ತೆಯ ಎರಡೂ ಭುಜ ಹಿಡಿದುಕೊಂಡೆ. ಮದುವೆಯಾಗಿ ಹತ್ತು ವರ್ಷದಲ್ಲಿ ಅವರನ್ನು ಹಾಗೆ ಮುಟ್ಟಿದ್ದು ಅದೇ ಮೊದಲು.

"ಅತ್ತೆ, ಮುನಿರತ್ನನ ತಲೆಗೆ ಏನ್ ಹಚ್ಚಿದ್ರಿ?"

ಅವರು ನನ್ನನ್ನು ನೋಡಿದರು. ಬಹಳ ದೂರದಿಂದ ನೋಡುತ್ತಿರುವ ಹಾಗೆ ಕಂಡಿತು. ನಾನು ಭುಜ ಅಲುಗಿಸಿ ಮತ್ತೆ ಕೇಳಿದೆ.

"ಕಡ್ಲೆಕಾಯಿ ಹೊಲಕ್ಕೆ ಎರ್ಚೋ ಪುಡಿ," ಎಂದರು. "ಕಂಬ್ಳಿ ಹುಳಕ್ಕೆ ತಂದಿದ್ದು. ಮನೇಲಿತ್ತು."

ನಾನು ತೋಟದ ಔಷಧಿ ಹಚ್ಚಿದ್ದೀನಿ ಎಂದೆ. ಅವರು ಬಯ್ಯಲಿಲ್ಲ. ಎದ್ದು ನಿಂತು, ಆ ವಯಸ್ಸಿನಲ್ಲಿ ಅವರಿಗೆ ಅಂಥ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ, ಬೀದಿಯ ತುದಿಗೆ ಕೇಳುವ ಹಾಗೆ ಪಕ್ಕದ ಮನೆಯ ಕದಿರೇಶನನ್ನು ಕೂಗಿದರು. ಕದಿರೇಶ್ ಲಗೇಜ್ ಆಟೋ ಇಟ್ಟಿದ್ದಾನೆ, ಮಾರುಕಟ್ಟೆಗೆ ತರಕಾರಿ ಹೊಡೆಯುತ್ತಾನೆ. ಬನಿಯನ್ನಿನಲ್ಲೇ ಓಡಿಬಂದ. ನಾನು ಚಪ್ಪರಕ್ಕೆ ಓಡಿ ಬಾಟಲಿ ತಂದೆ. ಅಷ್ಟರಲ್ಲಿ ಅತ್ತೆ ಮಗುವಿನ ಬಟ್ಟೆ ಬಿಚ್ಚಿ ಬಿಸಾಕಿ, ತೊಟ್ಟಿಯ ನೀರು ಚೊಂಬಿನಲ್ಲಿ ತಲೆಗೆ ಸುರಿದು, ಸೋಪು ತಿಕ್ಕಿ, ಸುರಿದು, ಮತ್ತೆ ತಿಕ್ಕುತ್ತಿದ್ದರು. ಮೂವತ್ತಾರು ವರ್ಷದ ಹಿಂದೆ ಮಾಡಬೇಕಾಗಿದ್ದನ್ನು ಯಾರೂ ಹೇಳಿಕೊಡದೆ ಮಾಡುತ್ತಿದ್ದರು.

ಕೋಲಾರಕ್ಕೆ ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ತರಕಾರಿ ಕ್ರೇಟುಗಳ ನಡುವೆ ಅವಳನ್ನು ಪಕ್ಕಕ್ಕೆ ತಿರುಗಿಸಿ ಹಿಡಿದುಕೊಂಡಿದ್ದೆ. ಉಸಿರು ಗೊರಗೊರ ಎನ್ನುತ್ತಿತ್ತು. ಮುಂದೆ ಏನಾಗುತ್ತದೆ ಎಂದು ಅತ್ತೆಗೆ ಗೊತ್ತಿತ್ತು. ಅವರ ಕೈ ಮಗುವಿನ ಎದೆಯ ಮೇಲಿತ್ತು, ಪ್ರತಿ ಉಸಿರಿಗೂ ಮೇಲೆ ಕೆಳಗೆ ಆಗುತ್ತಿತ್ತು.

ದೊಡ್ಡಾಸ್ಪತ್ರೆಯಲ್ಲಿ ಬಾಟಲಿಯನ್ನು ಡಾಕ್ಟರಮ್ಮನ ಕೈಗೆ ಕೊಟ್ಟು, ಇದನ್ನು ತಲೆಗೆ ಹಚ್ಚಿದ್ದೆ, ನಿನ್ನೆ ಸಂಜೆ ನಾಲ್ಕಕ್ಕೆ, ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆಕೆ ನನ್ನ ಮುಖವನ್ನೂ ನೋಡದೆ ಬಾಟಲಿಯ ಮೇಲಿನ ಹೆಸರು ಓದಿ ನರ್ಸನ್ನು ಕರೆದರು. ಕೂದಲನ್ನು ಬುಡಕ್ಕೆ ಕತ್ತರಿಸಿದರು. ತಲೆ ಮತ್ತೆ ತೊಳೆದರು. ಒಂದು ಇಂಜೆಕ್ಷನ್ ಕೊಟ್ಟು, ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಮತ್ತೊಂದು ಕೊಟ್ಟರು, ಮತ್ತೆ ನೋಡಿದರು. ಎಷ್ಟು ಸಲ ಹೀಗಾಯಿತೋ. ನಮ್ಮನ್ನು ಹೊರಗೆ ಕೂರಿಸಿದರು. ಮೂರು ಗಂಟೆಗೆ ಡಾಕ್ಟರಮ್ಮ ಹೊರಗೆ ಬಂದು ಮಗು ಉಳಿದುಕೊಳ್ಳುತ್ತದೆ, ಇನ್ನೊಂದು ಗಂಟೆ ತಡವಾಗಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ ಎಂದರು. ಇಂಥ ಕೇಸು ಎಷ್ಟೋ ಬರುತ್ತವೆ, ಏನು ಹಚ್ಚಿದೆವು ಎಂದು ಹೇಳುವುದಕ್ಕೇ ಜನ ಅರ್ಧ ದಿನ ಮಾಡುತ್ತಾರೆ ಎಂದೂ ಹೇಳಿದರು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಅತ್ತೆ ಬೆಂಚಿನ ಮೇಲೆ ನೆಟ್ಟಗೆ ಕುಳಿತಿದ್ದರು. ಸೀರೆ ಇನ್ನೂ ಒದ್ದೆ. ಡಾಕ್ಟರು ಹೇಳಿದ ಪ್ರತಿ ಮಾತೂ ಅವರಿಗೆ ಕೇಳಿಸಿತ್ತು. ಒಂದು ಗಂಟೆ, ಒಂದು ಇಂಜೆಕ್ಷನ್, ತಲೆಗೆ ನಾಲ್ಕು ಚೊಂಬು ನೀರು. ಆ ಕಾಲದಲ್ಲೂ ಕೋಲಾರದಲ್ಲಿ ಆಸ್ಪತ್ರೆ ಇತ್ತಾ ಸುನಂದ ಎಂದು ಕೇಳಿದರು. ಇತ್ತು ಎಂದು ನಾನು ಹೇಳಬೇಕಾಗಲಿಲ್ಲ, ಅವರಿಗೇ ಗೊತ್ತಿತ್ತು.

ನಮ್ಮ ಯಜಮಾನರು ಚಂದ್ರಿಕೆ ಅಲ್ಲೇ ಬಿಟ್ಟು ಬಂದು ಸೇರಿದ್ದರು. ಅವರಿಗೆ ವಿಷಯ ಹೇಳಿದ್ದು ಕದಿರೇಶ್, ಅದೂ ಅರ್ಧ. ಯಾರು ಏನು ಎಂದು ಅವರು ಇನ್ನೂ ಕೇಳಿರಲಿಲ್ಲ. ನನ್ನನ್ನು ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಒಬ್ಬ ಪೊಲೀಸ್ ಪೇದೆ ಬಂದ. ಎದೆಯ ಮೇಲೆ ಭೀಮರಾಜ್ ಎಂದು ಹೆಸರಿತ್ತು, ಇನ್ನೂ ಮೀಸೆ ಸರಿಯಾಗಿ ಮೂಡದ ವಯಸ್ಸು. ವಿಷದ ಕೇಸು ಬಂದರೆ ಬರೆದುಕೊಳ್ಳಲೇಬೇಕು, ಹೆದರಬೇಡಿ ಎಂದ. ಬೆಂಚಿನ ತುದಿಯಲ್ಲಿ ಕುಳಿತು ಹಾಳೆ ಬಿಡಿಸಿ, ಮಗುವಿನ ತಲೆಗೆ ಔಷಧಿ ಹಚ್ಚಿದ್ದು ಯಾರು ಎಂದು ಕೇಳಿದ.

ನಾನು ಬಾಯಿ ತೆರೆದೆ.

"ನಾನು," ಎಂದರು ಅತ್ತೆ.

ಪೇದೆ ಅವರ ಹೆಸರು ಕೇಳಿದ, ವಯಸ್ಸು ಕೇಳಿದ, ಬರೆದುಕೊಂಡ. ನಾನು ಬೇಡ ಎಂದು ಅವರ ಕೈ ಹಿಡಿದೆ. ನನ್ನ ಮೇಲಿನ ಮಾತು ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಕೈ ಬಿಡಿಸಿಕೊಂಡರು. ಮಗುವಿನ ಹೆಸರು ಎಂದು ಪೇದೆ ಕೇಳಿದ.

"ಮುನಿರತ್ನ."

ಅವನು ಆಸ್ಪತ್ರೆಯ ಚೀಟಿ ನೋಡಿ, ಇಲ್ಲಿ ಶ್ರೀವಾಣಿ ಅಂತಿದೆಯಲ್ಲಮ್ಮ ಎಂದ. ಶ್ರೀವಾಣಿ ನನ್ನ ಮಗಳು, ಅವಳಿಗೆ ಹಚ್ಚಿದ್ದು ನಾನು, ಅತ್ತೆಯದ್ದು ಏನೂ ತಪ್ಪಿಲ್ಲ ಎಂದು ನಾನು ಹೇಳಿದೆ. ವೇಣುಗೋಪಾಲ್ ತಿರುಗಿ ನನ್ನನ್ನು ನೋಡಿದರು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯಲೂಬಾರದು. ಅತ್ತೆ ಮಾತ್ರ ಪೇದೆಯ ಮುಖದಿಂದ ಕಣ್ಣು ಕೀಳಲಿಲ್ಲ.

"ಇವಳ್ದು ಇವಳು ಹೇಳ್ತಾಳೆ. ಇವಳ ಮಗು ಉಳ್ಕೊಂತು. ಮೊದ್ಲು ನಂದು ಬರ್ಕೊಳಪ್ಪ."

ಯಾವಾಗಿನದು ಎಂದು ಅವನು ಕೇಳಿದ. ಮೂವತ್ತಾರು ವರ್ಷದ ಮಾತು ಎಂದಾಗ ಪೆನ್ನು ಕೆಳಗಿಟ್ಟು, ಅಷ್ಟು ಹಳೆಯದನ್ನು ಬರೆಯುವುದಕ್ಕೆ ಬರುವುದಿಲ್ಲ ಅಜ್ಜಿ, ಬರೆದರೂ ಏನೂ ಆಗುವುದಿಲ್ಲ ಎಂದ. ಅವನ ದನಿ ಒರಟಾಗಿರಲಿಲ್ಲ. ವಾರ್ಡಿನ ಒಳಗೆ ಶ್ರೀವಾಣಿ ಕೆಮ್ಮಿದ್ದು ಕೇಳಿಸಿತು.

"ಏನೂ ಆಗೋದ್ ಬೇಡ," ಎಂದರು ಅತ್ತೆ. "ಗಂಗಮ್ಮನ ಮೇಲೆ ಹೊರ್ಸಿದ್ದೆ. ನನ್ ಮಗನಿಗೂ ಹಂಗೇ ಹೇಳ್ಕೊಂಡ್ ಬಂದೆ. ಹಚ್ಚಿದ್ದು ನಾನು, ಈ ಕೈಯಾಗೆ. ಸುಮ್ನೆ ಬರ್ಕೊ."

ವೇಣುಗೋಪಾಲ್ ಬೆಂಚು ಹಿಡಿದುಕೊಂಡು ನಿಧಾನವಾಗಿ ನೆಲದ ಮೇಲೆ ಕುಳಿತರು. ಭೀಮರಾಜ್ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ಆಮೇಲೆ ಟೋಪಿ ತೆಗೆದು ಪಕ್ಕಕ್ಕಿಟ್ಟು, ಹಾಳೆ ತಿರುಗಿಸಿ, ಖಾಲಿ ಇದ್ದ ಹಿಂಬದಿಯಲ್ಲಿ ಮುನಿರತ್ನ ಎಂದು ಬರೆದು, ಎಷ್ಟು ವಯಸ್ಸಾಗಿತ್ತು ಎಂದು ಕೇಳಿದ.